ಕೆಂಪು ಬಟ್ಟೆ ಕಟ್ಟಿದ ಗಾಡಿ

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದವರಿಗೆಲ್ಲ ‘ನೋಡುವಾ, ನೋಡುವಾ’ ಎಂದು ಇಷ್ಟು ದಿನ ಸಾಗಹಾಕಿದೆ. ಬರೆದು ಏನು ಉಪಯೋಗ ಎನ್ನುವುದು ನನ್ನ ಪ್ರಶ್ನೆ. ಎದುರಿಗೆ ನಿಂತು ಗಂಟಲು ಹರಿಯುವಂತೆ ಹೇಳಿದ್ದನ್ನೇ ಜನ ಕೇಳಲಿಲ್ಲ, ಕಾಗದದ ಮೇಲಿನದನ್ನು ಕೇಳುತ್ತಾರೆಯೇ? ಆದರೂ ಕುಳಿತಿದ್ದೇನೆ. ಇಲ್ಲಿ ಪರದೇಶದಲ್ಲಿ, ಎವರೆಟ್ ಎಂಬ ಊರಿನ ಕಡೆಯ ಒಂದು ಅಂಗಡಿಯಲ್ಲಿ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗಳ ರಿಪೇರಿ ಮಾಡುತ್ತ ನಿವೃತ್ತನಾದವನು ನಾನು. ನನ್ನ ಸ್ನೇಹಿತ ರಾಘು, ಓಡಿಸಬೇಡ ಎಂದು ನಾನೇ ಕೆಂಪು ಬಟ್ಟೆ ಕಟ್ಟಿಟ್ಟ ಗಾಡಿಯನ್ನು ಓಡಿಸಿ ಸತ್ತ. ಬರೆಯುತ್ತಿರುವುದು ಅದಕ್ಕೇ. ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ.

ಊರಲ್ಲಿದ್ದಾಗ ಮಲ್ಪೆ ಬಂದರಿನಲ್ಲಿ ದೋಣಿಗಳ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದೆ. ಅಕ್ಕ ಇಲ್ಲಿಗೆ ಕರೆಸಿಕೊಂಡಳು. ಹಿಮ ಎಂದರೆ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಕಟ್ಟಿಕೊಳ್ಳುವ ಬಿಳಿ, ಅಷ್ಟೇ ನನಗೆ ಗೊತ್ತಿದ್ದದ್ದು. ಅಂಗಡಿಯ ಧಣಿ ಡೇಲ್ ಎಂಬ ಗಡ್ಡದ ಮನುಷ್ಯ ನನ್ನ ಕೈಯನ್ನು ತಿರುಗಿಸಿ ನೋಡಿ, ಉಗುರಿನ ಸಂದಿಯ ಗ್ರೀಸು ಕಂಡು, ನಾಳೆಯಿಂದ ಬಾ ಎಂದ. ನನ್ನ ಜೀವಮಾನದ ಇಂಟರ್‌ವ್ಯೂ ಅದೊಂದೇ.

ಗೊತ್ತಿಲ್ಲದವರಿಗೆ ಗಾಡಿಯ ಪರಿಚಯ ಹೇಳಿಬಿಡುತ್ತೇನೆ. ಮುಂದೆ ಚಕ್ರದ ಬದಲು ಎರಡು ಸ್ಕೀ, ಅಂದರೆ ಮೂತಿ ಮೇಲೆತ್ತಿದ ಉದ್ದ ಪಟ್ಟಿಗಳು. ಹಿಂದೆ ಅಗಲವಾದ ರಬ್ಬರ್ ಟ್ರ್ಯಾಕ್ ಸುತ್ತುತ್ತ ಹಿಮವನ್ನು ಹಿಂದಕ್ಕೆ ತಳ್ಳುತ್ತದೆ, ಗಾಡಿ ಮುಂದಕ್ಕೆ ಹೋಗುತ್ತದೆ. ಸ್ಕೂಟರಿನ ಹಾಗೆ ಹ್ಯಾಂಡಲ್ ಇದೆ. ಆದರೆ ಎಕ್ಸಿಲರೇಟರನ್ನು ತಿರುಚುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒಂದು ಪುಟ್ಟ ಲಿವರನ್ನು ಒತ್ತುವುದು. ಬೆರಳು ತೆಗೆದರೆ ಲಿವರ್ ಹಿಂದೆ ಬರಬೇಕು, ಗಾಡಿ ನಿಧಾನವಾಗಬೇಕು. ಬರಲಿಲ್ಲವೋ, ಗಾಡಿ ನಿಮ್ಮ ಮಾತು ಕೇಳುವುದನ್ನು ಬಿಟ್ಟಿತು ಎಂದೇ ಅರ್ಥ.

ಡೇಲ್ ಮೊದಲ ದಿನ ಕಲಿಸಿದ್ದೂ ಅದನ್ನೇ. ಅಂಗಳದ ಚಳಿಯಲ್ಲಿ ನಿಲ್ಲಿಸಿ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಲಿವರನ್ನು ಒತ್ತಿ ಬಿಡು, ಮತ್ತೆ ಒತ್ತಿ ಬಿಡು ಎಂದ. ‘ಟಕ್’ ಅಂತ ಹಿಂದೆ ಬರಬೇಕು. ‘ಮೆಲ್ಲಗೆ ಬಂದರೆ?’ ಎಂದು ಕೇಳಿದೆ. ‘ಮೆಲ್ಲಗೆ ಬಂದರೆ ನೀನು ಮನೆಗೆ ಹೋಗು, ಗಾಡಿ ಒಳಗೆ ಹೋಗಲಿ’ ಎಂದ. ಅಂಥ ಗಾಡಿಗಳಿಗೆ ನಮ್ಮ ಅಂಗಡಿಯಲ್ಲಿ ಹ್ಯಾಂಡಲ್ಲಿಗೆ ಒಂದು ಕೆಂಪು ಬಟ್ಟೆ ಕಟ್ಟುವ ಪದ್ಧತಿ. ಕಟ್ಟಿದವನೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಧಣಿಯೂ ಮುಟ್ಟುತ್ತಿರಲಿಲ್ಲ.

ಗಿರಾಕಿಗಳ ಅವಾಂತರ ಹೇಳಲು ಹೋದರೆ ಮುಗಿಯುವುದಿಲ್ಲ. ಹಿಮ ಕರಗಿ ಬರೀ ಮಂಜುಗಡ್ಡೆಯಾಗಿದ್ದ ರಸ್ತೆಯಲ್ಲಿ ಒಬ್ಬ ಜುಮ್ಮೆಂದು ಓಡಿಸಿಕೊಂಡು ಬಂದಿದ್ದ. ಟ್ರ್ಯಾಕಿನ ಒಳಗಿನ ಪ್ಲಾಸ್ಟಿಕ್ ಪಟ್ಟಿಗಳು ಸುಟ್ಟ ದೋಸೆಯ ಹಾಗೆ ಹಿಡಿದುಕೊಂಡಿದ್ದವು. ಸಡಿಲ ಹಿಮ ಮೇಲೆ ಎರಚುತ್ತಿದ್ದರೇನೇ ಅವು ತಣ್ಣಗಿರುವುದು ಎಂದರೆ, ‘ಹಿಮದ ಗಾಡಿಗೆ ಎಂಥ ಸೆಖೆ?’ ಎಂದು ನನ್ನನ್ನೇ ದಬಾಯಿಸಿದ. ಇನ್ನೊಬ್ಬಾಕೆ ಟ್ರ್ಯಾಕ್ ಸಡಿಲವಾಯಿತೆಂದು ಬೋಲ್ಟ್ ತಿರುಗಿಸಿ ತಿರುಗಿಸಿ, ಗಾಡಿ ಉಸಿರು ಬಿಡಲಾರದಷ್ಟು ಬಿಗಿ ಮಾಡಿದ್ದಳು. ಸಡಿಲವಿದ್ದರೆ ಜಾರುತ್ತದೆ, ಬಿಗಿಯಾದರೆ ಸವೆಯುತ್ತದೆ. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಎರಡೂ ಬದಿ ಸಮ ಮಾಡಬೇಕು, ಟ್ರ್ಯಾಕ್ ತಿರುಗುತ್ತಿರುವಾಗ ಹಿಂದೆ ಯಾರೂ ನಿಲ್ಲಬಾರದು. ಇದನ್ನು ಎಷ್ಟು ಜನಕ್ಕೆ ಹೇಳಿದೆನೋ ದೇವರಿಗೇ ಗೊತ್ತು. ಎಲ್ಲರೂ ತಲೆಯಾಡಿಸಿದರು. ಮುಂದಿನ ಚಳಿಗಾಲ ಅದೇ ಜನ, ಅದೇ ಸುಟ್ಟ ಪಟ್ಟಿ.

ರಾಘು ನನಗೆ ಸಿಕ್ಕಿದ್ದು ಅಂಗಡಿಯಲ್ಲೇ. ಮೈಸೂರಿನವನು, ಸಾಫ್ಟ್‌ವೇರ್ ಕೆಲಸ, ಹತ್ತಿರದ ಕೆನ್ಮೋರಿನಲ್ಲಿ ಮನೆ. ಹೆಂಡತಿ ವಸುಧಾಳ ಜೊತೆ ಬಂದು ಎರಡು ಗಾಡಿ ಕೊಂಡ, ಒಂದು ಅವನಿಗೆ, ಒಂದು ಅವಳಿಗೆ. ನಾನು ಕನ್ನಡದವನೆಂದು ಗೊತ್ತಾದ ಮೇಲೆ ಡೇಲ್ ಕಡೆ ತಿರುಗಿಯೂ ನೋಡಲಿಲ್ಲ. ಆ ಭಾನುವಾರ ಮನೆಗೆ ಕರೆದ. ಗಾಡಿಗಳಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಸ್ಕೀಯ ಕೆಳಗೆ ನಿಂಬೆಹಣ್ಣು ಇಟ್ಟು ಕಾಯುತ್ತಿದ್ದರು. ಚಕ್ರವಿಲ್ಲದ ಗಾಡಿ ನಿಂಬೆಹಣ್ಣನ್ನು ಹೇಗೆ ಅಪ್ಪಚ್ಚಿ ಮಾಡೀತು? ಹಣ್ಣು ಸ್ಕೀಗೆ ತಾಗಿ ಉರುಳಿ ಪಕ್ಕದ ಮನೆಯ ಹುಲ್ಲಿಗೆ ಹೋಗಿ ನಿಂತಿತು. ಕೊನೆಗೆ ನಾನೇ ಬೂಟುಗಾಲಿನಲ್ಲಿ ತುಳಿದು ಶಾಸ್ತ್ರ ಮುಗಿಸಿದೆ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಹಾರವನ್ನು ಮಾತ್ರ ನಾನು ಆಗಲೇ ಬಿಚ್ಚಿಸಿದೆ. ಹ್ಯಾಂಡಲ್ಲಿಗೆ ದಾರ ಸುತ್ತಿಕೊಂಡರೆ ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಹೇಳಿದಾಗ, ‘ಓಹ್, ಅದು ನನಗೆ ಹೊಳೀಲೇ ಇಲ್ಲ ಶೇಖರಣ್ಣ’ ಎಂದು ಹಾರಗಳನ್ನು ತಾನೇ ಬಾಗಿಲಿಗೆ ಕಟ್ಟಿದ.

ಕಲಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಂಜಿನ್ನಿನ ಶಕ್ತಿಯನ್ನು ಟ್ರ್ಯಾಕಿಗೆ ಮುಟ್ಟಿಸುವ ಬೆಲ್ಟಿನ ಅಂಚು ಎಳೆಯೆದ್ದಿದೆಯೇ ನೋಡುವುದು, ಒಂದು ಬಿಡಿ ಬೆಲ್ಟ್ ಜೊತೆಗಿಟ್ಟುಕೊಳ್ಳುವುದು, ಬಿದ್ದರೆ ಎಂಜಿನ್ ಆರುವ ಹಾಗೆ ಗಾಡಿಯ ದಾರವನ್ನು ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳುವುದು, ಎಲ್ಲ ಒಂದೇ ಸಲಕ್ಕೆ ಹಿಡಿದ. ಆಮೇಲೆ ಶನಿವಾರ ಬಂತೆಂದರೆ ಊರಿನಿಂದ ಹೊಸದಾಗಿ ಬಂದವರನ್ನೆಲ್ಲ ಟ್ರೇಲರ್ ಸಮೇತ ಬೆಟ್ಟಕ್ಕೆ ಕರೆದುಕೊಂಡು ಹೋಗುವುದೇ ಅವನಿಗೆ ಹುಚ್ಚಾಯಿತು. ಪಾಪ, ಬಂದವರಿಗೆ ಇಲ್ಲಿ ಯಾರಿದ್ದಾರೆ, ಚಳಿಗಾಲದ ಕತ್ತಲಿಗೆ ಮಂಕಾಗಿ ಕೂತಿರುತ್ತಾರೆ ಎನ್ನುತ್ತಿದ್ದ. ಹೊಸಬರು ಬರುತ್ತಲೇ ಇದ್ದರು. ಗಾಡಿ ಸಾಲದೆ ಹಳೆಯದೊಂದನ್ನು ಯಾರಿಂದಲೋ ಕೊಂಡು ತಂದ. ಆ ಮೂರನೆಯ ಗಾಡಿ ಶನಿಯ ಹಾಗೆ ವಕ್ಕರಿಸಿತು.

ಅವನ ಜೊತೆ ಬೆಟ್ಟಕ್ಕೆ ನಾನೂ ಎಷ್ಟೋ ಸಲ ಹೋಗಿದ್ದೇನೆ. ಹಿಮದ ಮೇಲೆ ಟಾರ್ಪಾಲು ಹಾಸಿ, ವಸುಧಾ ಕಟ್ಟಿಕೊಟ್ಟ ಪುಳಿಯೋಗರೆಯನ್ನು ಕೈಗವಸು ಕಳಚಿ ಎಲ್ಲರಿಗೂ ಬಡಿಸುತ್ತಿದ್ದ. ‘ನೀನು?’ ಎಂದರೆ ‘ನಂದಾಯ್ತು, ನೀವು ತಗೊಳ್ಳಿ’ ಎನ್ನುತ್ತಿದ್ದ. ಯಾವಾಗ ಆಯಿತು, ಎಲ್ಲಿ ಆಯಿತು? ಡಬ್ಬಿಯ ತಳ ಕಂಡಾಗ ಗೊತ್ತಾಗುತ್ತಿತ್ತು, ಆಗಿರಲಿಲ್ಲ. ನಾನು ಬೈದರೆ ನಗುತ್ತಿದ್ದ. ಬಡಿಸುವವನು ತಿಂದಿಲ್ಲವೆಂದರೆ ಬಂದವರ ಗಂಟಲಲ್ಲಿ ಅನ್ನ ಇಳಿಯುತ್ತದೆಯೇ ಅಣ್ಣ ಎನ್ನುತ್ತಿದ್ದ. ನಮ್ಮ ಅಮ್ಮನೂ ಹಾಗೆಯೇ, ನಿಮ್ಮ ಅಮ್ಮನೂ ಹಾಗೆಯೇ. ಅದರಲ್ಲಿ ತಪ್ಪೇನಿದೆ ಎಂದು ಆಗ ನನಗೂ ಅನಿಸಿರಲಿಲ್ಲ.

ಅಷ್ಟರಲ್ಲಿ ನಮ್ಮ ಕಸುಬೇ ಬದಲಾಗುತ್ತಿತ್ತು. ಮೊದಲು ಎಂಜಿನ್ನಿಗೆ ಕಿವಿ ಕೊಟ್ಟು ರೋಗ ಹೇಳುತ್ತಿದ್ದೆವು. ಆಮೇಲೆ ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿದರೆ ಗಾಡಿಯೇ ತನ್ನ ಕಾಯಿಲೆ ಹೇಳತೊಡಗಿತು. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಹೊಸ ಮೆಕ್ಯಾನಿಕ್‌ಗಳೇ, ಇದನ್ನು ಕೇಳಿ. ಲಿವರಿನಿಂದ ಎಂಜಿನ್ನಿಗೆ ಹೋಗುವ ಕೇಬಲ್ಲಿನ ಮೇಲುಹೊದಿಕೆ ಕೂದಲೆಳೆಯಷ್ಟು ಸೀಳಿದ್ದರೆ ಅದು ಯಾವ ಸ್ಕ್ರೀನಿನಲ್ಲೂ ಕಾಣುವುದಿಲ್ಲ. ಆ ಸೀಳಿನಲ್ಲಿ ನೀರು ಇಳಿಯುತ್ತದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಲಿವರ್ ಟಕ್ ಟಕ್ ಎಂದು ಲಕ್ಷಣವಾಗಿ ಓಡಾಡುತ್ತದೆ. ಬೆಟ್ಟದ ಮೇಲೆ ಒಂದಿಷ್ಟು ಹೊತ್ತು ನಿಲ್ಲಿಸಿದರೆ ನೀರು ಗಟ್ಟಿಯಾಗಿ ಕೇಬಲನ್ನು ಕಚ್ಚಿ ಹಿಡಿಯುತ್ತದೆ. ರಾಘುವಿನ ಹಳೆಯ ಗಾಡಿಯಲ್ಲಿ ನಾನು ಕಂಡದ್ದು ಅದೇ ಸೀಳು, ಬೆರಳಿನಿಂದ ಸವರುತ್ತ ಹೋದಾಗ ಉಗುರಿಗೆ ತಾಗಿತು.

ಹೊಸ ಕೇಬಲ್ಲಿಗೆ ಆರ್ಡರ್ ಹಾಕಿದೆ. ಹಳೇ ಮಾಡೆಲ್ಲು, ಬರಲು ತಡ. ಅವನ ಮನೆಯ ಗ್ಯಾರೇಜಿನಲ್ಲೇ ಕೆಂಪು ಬಟ್ಟೆಯನ್ನು ಎರಡು ಗಂಟು ಹಾಕಿ ಕಟ್ಟಿದೆ. ಅದರ ಅರ್ಥ ಅವನಿಗೂ ಹೇಳಿದೆ, ವಸುಧಾಗೂ ಹೇಳಿದೆ. ‘ಕಟ್ಟಿದವರೇ ಬಿಚ್ಚಬೇಕು ಅಲ್ವಾ ಅಣ್ಣ?’ ಎಂದು ರಾಘು ಮಕ್ಕಳ ಹಾಗೆ ಒಪ್ಪಿಸಿದ.

ಮರು ಶನಿವಾರ ಬೆಳಿಗ್ಗೆ ನಾನು ಅಂಗಡಿಗೆ ಹೊರಟಿದ್ದಾಗ ಅವನ ಫೋನ್ ಬಂತು.

‘ಶೇಖರಣ್ಣ, ಬೆಳಿಗ್ಗೇನೇ ತೊಂದ್ರೆ ಕೊಡ್ತಿದೀನಿ. ಆ ಹಳೇ ಗಾಡಿ ಓಡುತ್ತಾ?’

‘ಓಡ್ತದೆ. ನಿಲ್ಲುದಿಲ್ಲ. ಕೆಂಪು ಬಟ್ಟೆ ಕಾಣ್ತಾ ಇಲ್ವಾ ನಿಂಗೆ?’

‘ಕಾಣುತ್ತೆ ಅಣ್ಣ. ಏನಾಯ್ತು ಅಂದ್ರೆ, ಹೊಸದಾಗಿ ಪರಿಚಯ ಆದ ಮಂಜುನಾಥ್ ಅಂತ, ಅವರೊಬ್ರೇ ಬರ್ತಾರೆ ಅಂದ್ಕೊಂಡಿದ್ದೆ. ಜೊತೇಲಿ ಅವರ ಭಾವಾನೂ ಬಂದುಬಿಟ್ಟಿದಾರೆ. ಈಗ ತಾನೆ ಊರಿಂದ ಬಂದಿರೋದಂತೆ.’

‘ಇದ್ದದ್ದು ಎರಡು ಗಾಡಿ. ಸರದಿ ಮೇಲೆ ಓಡ್ಸಿ. ಒಬ್ಬರು ಕಾರಲ್ಲಿ ಕೂತ್ಕೊಳ್ಳಲಿ.’

‘ಛೇ, ಅಷ್ಟು ದೂರ ಕರ್ಕೊಂಡು ಹೋಗಿ ಬಂದವರನ್ನ ಕಾರಲ್ಲಿ ಕೂರಿಸೋದಾ?’

‘ಹಾಗಾದ್ರೆ ನೀನು ಕೂತ್ಕೋ ಮಾರಾಯ!’

‘ಇಬ್ರೂ ಹೊಸಬರು ಅಣ್ಣ. ಮುಂದೆ ಒಬ್ಬ ದಾರಿ ತೋರಿಸೋನು ಇಲ್ದೆ ಬಿಡೋಕಾಗುತ್ತಾ? ನೀವೇ ಬೇಡ ಅಂತೀರಲ್ಲ.’

ಅದೂ ಸರಿಯೇ. ಅವು ಒಬ್ಬೊಬ್ಬರೇ ಕೂರುವ ಗಾಡಿಗಳು. ಹೊಸಬರನ್ನು ಒಂಟಿಯಾಗಿ ಬಿಡಬಾರದು ಎಂದು ಕಲಿಸಿದ್ದವನೂ ನಾನೇ. ನನಗೆ ರೇಗಿತು.

‘ಹಾಗಾದ್ರೆ ಇಲ್ಲ ಅಂತ ಹೇಳು. ಗಾಡಿ ಇಲ್ಲ, ಇನ್ನೊಂದು ವಾರ ಬನ್ನಿ ಅಂತ ಹೇಳು. ಅದನ್ನು ಮಾತ್ರ ತಕ್ಕೊಂಡು ಹೋಗ್ಬೇಡ. ಕೇಳ್ತಾ?’

ಅವನ ಹಿಂದೆ ಯಾರೋ ನಗುತ್ತಿದ್ದರು, ಲೋಟ ಇಟ್ಟ ಸದ್ದು ಬಂತು. ಬಂದವರಿಗೆ ಕಾಫಿ ಆಗುತ್ತಿತ್ತೆಂದು ಕಾಣುತ್ತದೆ.

‘ಆಯ್ತು ಅಣ್ಣ’ ಎಂದ.

ನಮ್ಮವರ ‘ಆಯ್ತು’ ಒಪ್ಪಿಗೆಯಲ್ಲ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ದೊಡ್ಡವರ ಜೊತೆ ವಾದ ಬೇಡ ಎಂದಾಗ ಮಾತು ಮುಚ್ಚುವ ಬಗೆ ಅದು. ನಾನೂ ಜೀವನವಿಡೀ ಹಾಗೇ ‘ಆಯ್ತು’ ಎಂದುಕೊಂಡು ಬಂದವನು.

ಆ ದಿನ ಬೆಟ್ಟದ ಮೇಲೆ ನಡೆದದ್ದನ್ನು ನನಗೆ ಹೇಳಿದವರು ಮಂಜುನಾಥ್. ಆಸ್ಪತ್ರೆಯ ಹೊರಗೆ, ಇನ್ನೂ ರಾಘು ಕೊಟ್ಟ ಜಾಕೆಟ್ಟಿನಲ್ಲೇ ನಿಂತು ಹೇಳಿದರು. ಬೆಳಿಗ್ಗೆಯಿಂದ ಮೂರೂ ಗಾಡಿ ಚೆನ್ನಾಗಿ ಓಡಿದವಂತೆ. ಹೊಸ ಎರಡನ್ನು ಅವರಿಬ್ಬರಿಗೆ ಕೊಟ್ಟು, ಹಳೆಯದನ್ನು ತಾನಿಟ್ಟುಕೊಂಡಿದ್ದ. ಮಧ್ಯಾಹ್ನ ಮರಗಳ ನಡುವಿನ ಬಯಲಿನಲ್ಲಿ ನಿಲ್ಲಿಸಿ ಊಟ. ಗಾಡಿಗಳು ಹಿಮದಲ್ಲಿ ತಣ್ಣಗಾಗುತ್ತ ನಿಂತಿದ್ದವು.

‘ಅವರು ಊಟ ಮಾಡ್ಲಿಲ್ಲ ಸರ್. ನಂದಾಯ್ತು ಅಂದ್ರು. ಹೊರಡೋಕ್ ಮುಂಚೆ ನಮ್ಮಿಬ್ಬರ ಗಾಡೀನೂ ಚೆಕ್ ಮಾಡಿದ್ರು. ಲಿವರ್ ಒತ್ತಿ ಒತ್ತಿ ನೋಡಿದ್ರು, ಬೆಲ್ಟ್ ನೋಡಿದ್ರು, ಆ ದಾರ ನಮ್ಮ ಜಾಕೆಟ್ಟಿಗೆ ಅವರೇ ಸಿಕ್ಕಿಸಿದ್ರು. ಅಷ್ಟರಲ್ಲಿ ನಮ್ಮ ಭಾವ ಚಳಿ ಆಗ್ತಿದೆ, ಹೋಗೋಣ ಅಂದ್ರು. ಅವರು ಬಂದೆ ಬಂದೆ ಅಂತ ಓಡಿಹೋಗಿ ತಮ್ಮ ಗಾಡಿ ಹತ್ತಿ ಸ್ಟಾರ್ಟ್ ಮಾಡಿದ್ರು.’

ಅವನ ಗಾಡಿಯ ಲಿವರನ್ನು ಅವನು ಒತ್ತಿ ನೋಡಲಿಲ್ಲ. ಬಂದವರದ್ದಾದ ಮೇಲೆ ತನ್ನದು, ತನ್ನದಕ್ಕೆ ಹೊತ್ತು ಉಳಿಯಲಿಲ್ಲ. ಹೊರಡಲೆಂದು ಒತ್ತಿದ್ದು ಒತ್ತಿದ ಹಾಗೆಯೇ ಹಿಡಿದುಕೊಂಡಿತು. ಎಂಜಿನ್ ಆರಿಸುವ ಗುಂಡಿ ಹೆಬ್ಬೆರಳಿನ ಪಕ್ಕದಲ್ಲೇ ಇರುತ್ತದೆ, ಅವನಿಗೆ ಗೊತ್ತಿತ್ತು. ಎದುರಿನ ಮರ ಅಷ್ಟು ಹೊತ್ತನ್ನೂ ಕೊಡಲಿಲ್ಲ. ಹೆಲ್ಮೆಟ್ ಹಾಕಿದ್ದ, ದಾರವನ್ನು ಜಾಕೆಟ್ಟಿಗೆ ಸಿಕ್ಕಿಸಿಕೊಂಡಿದ್ದ. ಬಿದ್ದ ಕೂಡಲೇ ಎಂಜಿನ್ ಆರಿತು. ಆದರೆ ಬಿದ್ದದ್ದು ಮರಕ್ಕೆ ಬಡಿದ ಮೇಲೆ.

‘ಅದು ಕೆಟ್ಟ ಗಾಡಿ ಅಂತ ಒಂದು ಮಾತು ಹೇಳಿದ್ರೆ ನಾವೇ ಬೇಡ ಅಂತಿದ್ವಿ ಸರ್’ ಎಂದು ಮಂಜುನಾಥ್ ಬಿಕ್ಕಿದರು. ‘ನಮಗೇನು, ಇಬ್ರೂ ಹಿಮದಲ್ಲಿ ಆಟ ಆಡ್ಕೊಂಡು ಇರ್ತಿದ್ವಿ. ಯಾಕ್ ಹೇಳ್ಲಿಲ್ಲ ಸರ್ ಅವ್ರು?’

ಮಾರನೆಯ ದಿನ ಡೇಲ್ ಕೂಡ ಅದನ್ನೇ ಕೇಳಿದ. ಮೂರನೆಯವನಿಗೆ ಗಾಡಿ ಇಲ್ಲ ಎಂದು ಯಾಕೆ ಹೇಳಲಿಲ್ಲ? ಬಂದವರಿಗೆ ನಮ್ಮಲ್ಲಿ ಹಾಗೆ ಹೇಳುವುದಿಲ್ಲ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ‘ರಾಘು ಅವರನ್ನು ಮೊದಲೇ ಬಲ್ಲವನೇ?’ ಎಂದ. ‘ಒಬ್ಬನ ಪರಿಚಯ ಅಷ್ಟಿಷ್ಟು. ಇನ್ನೊಬ್ಬನನ್ನು ಆ ಬೆಳಿಗ್ಗೆಯೇ ಮೊದಲ ಸಲ ನೋಡಿದ್ದು’ ಎಂದೆ. ಡೇಲ್ ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಕೋಪ ಬಂದಿತ್ತೋ ದುಃಖವೋ ನನಗೆ ತಿಳಿಯಲಿಲ್ಲ. ಆ ವಾರವೇ ಕೇಬಲ್ ಬಂತು. ಪ್ಲಾಸ್ಟಿಕ್ ಚೀಲದಲ್ಲಿ ಸುರುಳಿ ಸುತ್ತಿಕೊಂಡು ಹಾವಿನ ಮರಿಯ ಹಾಗೆ ಬಿದ್ದಿತ್ತು. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹಾಕಿ ಮುಗಿಸುವ ಕೆಲಸ ಅದು.

ಆಮೇಲಿನ ನನ್ನ ಕೆಲಸದ ವರ್ಷಗಳ ಬಗ್ಗೆ ಹೇಳುವಂಥದ್ದು ಇಲ್ಲ. ಒಂದು ಚಳಿಗಾಲ ಬೆಟ್ಟದಲ್ಲಿ ಸರಿಯಾಗಿ ಹಿಮವೇ ಬೀಳದೆ ಅಂಗಡಿ ಖಾಲಿ ಹೊಡೆಯಿತು. ಗಾಡಿ ಬಾಡಿಗೆಗೆ ತೆಗೆದುಕೊಳ್ಳಲು ಬರುವ ನಮ್ಮವರಿಗೆ ಕಾಲಿಗೆ ಬಿದ್ದು ಹೇಳುತ್ತಿದ್ದೆ: ಮೊದಲು ನಿಮ್ಮ ಲಿವರ್ ನೋಡಿಕೊಳ್ಳಿ, ಆಮೇಲೆ ನಿಮ್ಮ ನೆಂಟರದ್ದು. ‘ಆಯ್ತು ಅಂಕಲ್’ ಎನ್ನುತ್ತಿದ್ದರು. ಕಿಟಕಿಯಿಂದ ನೋಡಿದರೆ ಪಾರ್ಕಿಂಗಿನಲ್ಲಿ ಒಳ್ಳೆಯ ಹೆಲ್ಮೆಟ್ಟನ್ನು ಮಾವನವರಿಗೆ ಕೊಟ್ಟು, ಸಡಿಲವಾದದ್ದನ್ನು ತಾವು ಹಾಕಿಕೊಳ್ಳುತ್ತಿರುತ್ತಿದ್ದರು. ನಾನು ಜಾಕೆಟ್ಟಿಲ್ಲದೆ ಬರೀ ಅಂಗಿಯಲ್ಲೇ ಹೊರಗೆ ಓಡಿ ಕೂಗಾಡುತ್ತಿದ್ದೆ. ಅಂಕಲ್‌ಗೆ ತಲೆ ಸರಿಯಿಲ್ಲ ಎಂದು ಮಕ್ಕಳು ನಗುತ್ತಿದ್ದವು. ಹತಾಶೆ ಎಂದರೆ ಏನೆಂದು ನನ್ನನ್ನು ಕೇಳಿ. ಕೆಟ್ಟತನವನ್ನಾದರೂ ತಿದ್ದಬಹುದು, ಈ ಒಳ್ಳೆಯತನವನ್ನು ಯಾವ ಸ್ಪ್ಯಾನರಿನಿಂದ ತಿರುಗಿಸಲಿ?

ನಿವೃತ್ತನಾಗುವ ಮೊದಲು ಕೆನ್ಮೋರಿಗೆ ಹೋದೆ. ವಸುಧಾ ಮನೆ ಮಾರುತ್ತಿದ್ದಳು, ಉಳಿದ ಎರಡು ಗಾಡಿಗಳನ್ನು ಯಾರಿಗಾದರೂ ಕೊಡಿಸಿ ಅಣ್ಣ ಎಂದು ಹೇಳಿಕಳಿಸಿದ್ದಳು. ಗ್ಯಾರೇಜಿನಲ್ಲಿ ಎರಡಕ್ಕೂ ಎಣ್ಣೆ ಹಾಕಿ, ಟ್ರ್ಯಾಕ್ ನೋಡಿ, ಲಿವರ್ ಒತ್ತಿದೆ. ಟಕ್ ಎಂದು ಬಂತು. ತಲೆಯೆತ್ತಿದರೆ ಎದುರಿನ ಹಲಗೆಯ ಮೇಲೆ ನನ್ನ ಕೆಂಪು ಬಟ್ಟೆ. ಇಸ್ತ್ರಿ ಮಾಡಿದ ಕರವಸ್ತ್ರದ ಹಾಗೆ ನೀಟಾಗಿ ಮಡಿಸಿಟ್ಟಿತ್ತು.

‘ಅವರೇ ಬಿಚ್ಚಿಟ್ಟರು’ ಎಂದಳು ಬಾಗಿಲಲ್ಲಿ ನಿಂತಿದ್ದ ವಸುಧಾ. ‘ಗ್ಯಾರೇಜಲ್ಲೇ ಎಷ್ಟೋ ಸಲ ಒತ್ತಿ ನೋಡಿ, ಸರಿಯಾಗಿದೆ ಕಣೇ ಅಂದ್ರು. ಬೇಡ ರೀ, ಶೇಖರಣ್ಣ ಬೈತಾರೆ ಅಂದೆ. ಇದು ಕಟ್ಟಿರೋದು ನೋಡಿದ್ರೆ ಬಂದವರಿಗೆ ಸಂಕೋಚ ಆಗುತ್ತೆ, ತಮ್ಮಿಂದ ತೊಂದ್ರೆ ಆಯ್ತು ಅಂದ್ಕೋತಾರೆ ಅಂತ ಬಿಚ್ಚಿ, ಮಡಿಸಿ ಅಲ್ಲಿಟ್ಟರು. ನಾನು ತೆಗೀಲಿಲ್ಲ. ಕಟ್ಟಿದವರೇ ತಗೋಬೇಕು ಅಲ್ವಾ.’

ಜೇಬಿಗೆ ಹಾಕಿಕೊಂಡೆ. ಅಡುಗೆಮನೆಗೆ ಕರೆದು ಕೂರಿಸಿದಳು. ಪಾತ್ರೆಗಳೆಲ್ಲ ಆಗಲೇ ಡಬ್ಬಗಳಿಗೆ ಹೋಗಿದ್ದವು. ಹೊರಗಿದ್ದದ್ದು ಕಾಫಿ ಫಿಲ್ಟರ್, ಹಾಲಿನ ಪಾತ್ರೆ, ಎರಡು ಲೋಟ. ಫಿಲ್ಟರನ್ನು ಪೂರ್ತಿ ಬಗ್ಗಿಸಿ, ತಟ್ಟಿ, ಕೊನೆಯ ತೊಟ್ಟು ಡಿಕಾಕ್ಷನ್ನನ್ನೂ ಒಂದೇ ಲೋಟಕ್ಕೆ ಇಳಿಸಿದಳು. ಹಾಲು ಬೆರೆಸಿ ನನ್ನ ಮುಂದಿಟ್ಟಳು. ಇನ್ನೊಂದು ಲೋಟ ತೊಳೆದು ಕವುಚಿಟ್ಟಿದ್ದು ಹಾಗೆಯೇ ಇತ್ತು.

‘ನಿಮ್ಗೆ?’ ಎಂದೆ.

‘ನಂದಾಯ್ತು ಅಣ್ಣ.’

ನನಗೆ ಏನಾಯಿತೋ, ಮೇಜು ಕುಟ್ಟಿದೆ. ‘ಆಗ್ಲಿಲ್ಲ! ಇಲ್ಲ ಅಂತ ಹೇಳಿ ವಸುಧಾ. ಕಾಫಿ ಇಲ್ಲ, ಒಬ್ರಿಗೇ ಇರೋದು ಅಂತ ಒಂದು ಸಲ ಬಾಯ್ಬಿಟ್ಟು ಹೇಳಿ. ನಿಮ್ಮ ಕಾಲು ಹಿಡೀತೇನೆ.’ ಆ ಮನೆಯಲ್ಲಿ ಅಷ್ಟು ದೊಡ್ಡ ದನಿಯಲ್ಲಿ ನಾನು ಎಂದೂ ಮಾತಾಡಿರಲಿಲ್ಲ. ಅಳು ಬಂದುಬಿಟ್ಟಿತ್ತು.

ಅವಳು ಸೆರಗು ಸರಿಮಾಡಿಕೊಂಡು ಎದುರಿನ ಕುರ್ಚಿಯಲ್ಲಿ ಕುಳಿತಳು. ಹೇಳಲು ನಿಜವಾಗಿಯೂ ಪ್ರಯತ್ನ ಮಾಡಿದಳು, ತುಟಿ ಅಲುಗಿತು. ನಾನು ಲೋಟ ಮುಟ್ಟದೆ ಕಾದೆ.

‘ಮನೆಗೆ ಬಂದವರಿಗೆ ಹೇಗಣ್ಣ ಹೇಳೋದು?’ ಎಂದಳು. ಆಮೇಲೆ ಲೋಟವನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿ, ‘ಆರಿಹೋಗುತ್ತೆ, ಕುಡೀರಿ’ ಎಂದಳು.

ಬೇಡ ಎಂದರೆ ಅವಳಿಗೆ ನೋವಾಗುತ್ತಿತ್ತು. ಕುಡಿದೆ.